ಫೈನಲ್ ದಿನದ ಪಾಯಸ

ಮೊನ್ನೆ ಶುಕ್ರವಾರ ಬೆಳಿಗ್ಗೆ ನಮ್ಮ ಹೋಟೆಲಿನ ಅಡುಗೆಮನೆಗೆ ಕಾಲಿಡುತ್ತಿದ್ದಂತೆ ತುಪ್ಪದಲ್ಲಿ ಗೇರುಬೀಜ ಹುರಿಯುವ ವಾಸನೆ ಬಂತು. ಅದರಲ್ಲೇನು ವಿಶೇಷ ಎಂದು ನೀವು ಕೇಳಬಹುದು. ವಡಪಳನಿಯಲ್ಲಿ ಉಡುಪಿ ಕಡೆಯವರ ಹೋಟೆಲು ಎಂದ ಮೇಲೆ ಪೊಂಗಲ್ಲಿಗೆ, ಕೇಸರಿಬಾತಿಗೆ ದಿನವೂ ಗೋಡಂಬಿ ಹುರಿಯಲೇಬೇಕು. ಆದರೆ ಅವತ್ತು ವಾಸನೆ ಬಂದದ್ದು ಒಲೆಗಳ ಸಾಲಿನಿಂದಲ್ಲ, ಮೂಲೆಯ ದೇವರ ಗೂಡಿನ ಕಡೆಯಿಂದ. ಹೊಸದಾಗಿ ಸೇರಿದ ಅಡುಗೆಯವರು, ಅರವತ್ತರ ಹತ್ತಿರದ ಹಿರಿಯರು, ನೈವೇದ್ಯದ ಬಟ್ಟಲಿನ ಮೇಲೆ ಒಗ್ಗರಣೆ ಸೌಟು ಹಿಡಿದು ನಿಂತಿದ್ದರು. ನಾನು "ಬ್ಯಾಡ!" ಎಂದು ಕೂಗಿದ ಜೋರಿಗೆ ಅವರ ಕೈಯಿಂದ ಸೌಟು ಜಾರಿ ನೆಲಕ್ಕೆ ಬಿತ್ತು. ಗಲ್ಲಾದಲ್ಲಿ ಕುಳಿತಿದ್ದ ನನ್ನ ಯಜಮಾನರು ಎದ್ದು ಬಂದರು.

ಹೊಸ ಅಡುಗೆಯವರಿಗೆ ಏನೆಂದು ಹೇಳಲಿ? ಆ ಒಂದು ಸೌಟಿನ ಹಿಂದೆ ಒಂದು ಇಡೀ ಅಕ್ಟೋಬರ್ ಇದೆ.

ಮೂರು ವರ್ಷದ ಹಿಂದಿನ ಮಾತು. ಮಳೆ ಹಿಡಿಯುವ ಮುಂಚಿನ ಚೆನ್ನೈ ಹೇಗಿರುತ್ತದೆಂದರೆ, ಸ್ನಾನ ಮಾಡಿ ಮೈ ಒರೆಸಿಕೊಳ್ಳುವಷ್ಟರಲ್ಲಿ ಇನ್ನೊಂದು ಸ್ನಾನ ಆಗಿರುತ್ತದೆ. ಆ ಸೆಕೆಯಲ್ಲಿ ನಮ್ಮ ಅಕ್ಕಪಕ್ಕದ ದೇಶಗಳ ಹುಡುಗಿಯರ ಫುಟ್‌ಬಾಲ್ ಟೂರ್ನಿ ಇಲ್ಲಿಗೆ ಬಂತು. ಎಲ್ಲರೂ ಹತ್ತೊಂಬತ್ತರ ಒಳಗಿನವರು. ನೇಪಾಳದ ತಂಡವನ್ನು ಗಿಂಡಿಯ ಒಂದು ಲಾಡ್ಜಿನಲ್ಲಿ ಇಳಿಸಿದ್ದರು. ಲಾಡ್ಜಿಗೆ ಸ್ವಂತ ಅಡುಗೆಮನೆ ಇರಲಿಲ್ಲ. ಯಾರೋ ಪರಿಚಯದವರು ನಮ್ಮ ಹೆಸರು ಹೇಳಿ, ಅನ್ನ, ಬೇಳೆ, ಪಲ್ಯ, ಚಪಾತಿಯ ಜವಾಬ್ದಾರಿ ನಮ್ಮ ಪಾಲಿಗೆ ಬಂತು. ಕೋಳಿ, ಮೊಟ್ಟೆ ಬೇರೆ ಕಡೆಯಿಂದ ಬರುತ್ತಿತ್ತು. ಆ ಡಬ್ಬಿಗಳನ್ನು ನಾವು ಕಂಡೂ ಕಾಣದವರ ಹಾಗೆ ಇದ್ದೆವು.

ಮೊದಲ ದಿನವೇ ತಂಡದ ಮ್ಯಾನೇಜರ್ ಕಲ್ಪನಾ ಮೇಡಂ ಒಂದು ಕಾಗದ ಕಳಿಸಿದರು. ಗೋಲ್‌ಕೀಪರ್ ಹುಡುಗಿಗೆ ಗೋಡಂಬಿ ಆಗುವುದಿಲ್ಲ, ಒಂದು ಚೂರೂ ಹೊಟ್ಟೆಗೆ ಹೋಗಬಾರದು ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದರು. ನಮ್ಮ ಹಳೆಯ ಅಡುಗೆಯವರು ಐತಾಳರು ಅದನ್ನು ಎರಡು ಸಲ ಓದಿಸಿಕೊಂಡು ನಕ್ಕರು. ಗೇರುಬೀಜ ಬಿದ್ದರೆ ಅಡುಗೆಗೆ ಮರ್ಯಾದೆ ಎಂದು ನಲವತ್ತು ವರ್ಷ ನಂಬಿದ್ದ ಮನುಷ್ಯ ಅವರು.

ಎರಡನೆಯ ದಿನ ಆ ಹುಡುಗಿಯೇ ಬಂದಳು. ಹೆಸರು ದಿಲ್‌ಮಾಯಾ. ಹದಿನೆಂಟು ವರ್ಷ, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಮೊರದಗಲದ ಅಂಗೈ. ಎಲ್ಲಿಗೆ ಹೋದರೂ ಮೊದಲು ಅಡುಗೆಮನೆ ನೋಡು, ಅಡುಗೆ ಮಾಡುವವರ ಮುಖ ನೋಡು, ಆಮೇಲೆ ತಿನ್ನು ಎಂದು ಅವಳಮ್ಮ ಹೇಳಿ ಕಳಿಸಿದ್ದರಂತೆ. ನನ್ನ ಹರಕುಮುರುಕು ಹಿಂದಿಗೂ ಅವಳ ಹಿಂದಿಗೂ ಹೇಗೋ ಹೊಂದಿಕೊಂಡಿತು. ಒಂಬತ್ತು ವರ್ಷದವಳಿದ್ದಾಗ ಯಾರದೋ ಮನೆಯಲ್ಲಿ ಬಿಸ್ಕತ್ತು ತಿಂದು, ಗಂಟಲು ಕಟ್ಟಿ, ಅಪ್ಪ ಬೆನ್ನ ಮೇಲೆ ಹೊತ್ತುಕೊಂಡು ಆಸ್ಪತ್ರೆಗೆ ಓಡಿದ ಕಥೆ ಹೇಳಿದಳು. ಅದಕ್ಕೆಂದೇ ಒಂದು ಇಂಜೆಕ್ಷನ್ ಕಲ್ಪನಾ ಮೇಡಂ ಚೀಲದಲ್ಲಿ ಸದಾ ಇರುತ್ತಿತ್ತು. ಕಥೆ ಮುಗಿಯುವ ಹೊತ್ತಿಗೆ ಐತಾಳರ ನಗು ನಿಂತಿತ್ತು. ಅವತ್ತೇ ಗೇರುಬೀಜದ ಡಬ್ಬಿಗಳೆಲ್ಲ ಅಟ್ಟಕ್ಕೆ ಹೋದವು. ಅವಳಿಗೆ ಬೇರೆ ಪಾತ್ರೆ, ಬೇರೆ ಸೌಟು, ಬೇರೆ ಬಟ್ಟೆ. ಹನ್ನೊಂದು ದಿನ ನಮ್ಮ ಗಿರಾಕಿಗಳು ಬೋಳು ಪೊಂಗಲ್ ತಿಂದು ಮುಖ ಸಿಂಡರಿಸಿದರು. ಐತಾಳರು ಜಗ್ಗಲಿಲ್ಲ.

ಅಭ್ಯಾಸ ಮುಗಿಸಿ ಮರಳುವಾಗ ಅವಳು ಮತ್ತೆ ಎರಡು ಮೂರು ಸಲ ಬಂದಳು. ತಂಡದ ಬಸ್ಸು ನಮ್ಮ ಬೀದಿಯ ತುದಿಯಲ್ಲೇ ಹಾದುಹೋಗುತ್ತಿತ್ತು. ಬಂದವಳು ಕಾಫಿ ಕುಡಿದು, ಸುಮ್ಮನೆ ಕೂರಲಾರದೆ ಬೀನ್ಸ್ ಸೋಸಿಕೊಡುತ್ತಿದ್ದಳು. ನನ್ನ ಮಗಳು ಶ್ರೇಯಾಳನ್ನು ನಾನು ಹತ್ತು ಸಲ ಕರೆದರೂ ಬರುವ ಉತ್ತರ ತಮಿಳಿನಲ್ಲಿ, ಅದೂ ಕೋಣೆಯ ಒಳಗಿನಿಂದ. ಯಾರದೋ ದೇಶದ ಹುಡುಗಿ ನನ್ನ ಪಕ್ಕ ಕುಳಿತು ಬೀನ್ಸ್ ಸೋಸುತ್ತಿದ್ದರೆ ಜೀವಕ್ಕೆ ಹಿತವಾಗುತ್ತಿತ್ತು ಎಂಬುದನ್ನು ಮುಚ್ಚಿಡುವುದೇಕೆ. ಎಲೆಯ ಮೇಲೆ ಮೊದಲು ಸಿಹಿ ಬೀಳಬೇಕು, ಬೆರಳ ತುದಿಯಲ್ಲಿ ಅದನ್ನು ನಾಲಿಗೆಗೆ ಮುಟ್ಟಿಸಿಯೇ ಉಳಿದ ಊಟ ಎಂದು ಅವಳಿಗೆ ನಾನೇ ಕಲಿಸಿಕೊಟ್ಟೆ. ಆ ಪಾಠ ನನಗೇ ತಿರುಗಿ ಬರುತ್ತದೆಂದು ಆಗ ಗೊತ್ತಿರಲಿಲ್ಲ.

ಅವಳು ನಾಲ್ಕು ಪಂದ್ಯದಲ್ಲಿ ಒಂದೇ ಒಂದು ಗೋಲು ಬಿಟ್ಟಳು. ನೇಪಾಳ ಫೈನಲ್‌ಗೆ ಬಂತು. ಆ ಕಡೆಯಿಂದ ನಮ್ಮ ಭಾರತವೂ ಬಂತು.

ಫೈನಲ್ ಇದ್ದದ್ದು ಭಾನುವಾರ ಸಂಜೆ ನಾಲ್ಕೂವರೆಗೆ, ಸೆಂಟ್ರಲ್ ಸ್ಟೇಷನ್ ಹತ್ತಿರದ ಸ್ಟೇಡಿಯಂನಲ್ಲಿ. ಹುಡುಗಿಯರ ಊಟ ಬೆಳಿಗ್ಗೆ ಹನ್ನೊಂದಕ್ಕೆ. ನೆಂಟರು ಹೊರಡುವ ಮುಂಚಿನ ಊಟಕ್ಕೆ ಪಾಯಸ ಆಗಲೇಬೇಕು, ಅದು ನಮ್ಮ ಕಡೆಯ ರೂಢಿ. ಐತಾಳರು ಹೆಸರುಬೇಳೆ, ಬೆಲ್ಲ, ಕಾಯಿಹಾಲು ಹಾಕಿ ಪಾಯಸ ಮಾಡಿದರು. ಗೇರುಬೀಜದ ಬದಲು ತೆಂಗಿನ ಚೂರು ಹುರಿದು ಹಾಕಿದರು. ಇಡೀ ಪಾತ್ರೆಯಲ್ಲೇ ಬೀಜ ಇಲ್ಲದ ಮೇಲೆ ದಿಲ್‌ಮಾಯಾಗೆ ಬೇರೆ ಯಾಕೆ, ಕೊನೆಯ ದಿನ ಎಲ್ಲರ ಜೊತೆ ಒಂದೇ ಪಾತ್ರೆಯಿಂದ ತಿನ್ನಲಿ ಎಂದದ್ದು ನಾನೇ.

ಆಮೇಲೆ ನಾನು ದೇವರ ಮುಂದೆ ನಿಂತೆ. ನಮ್ಮಲ್ಲಿ ನೈವೇದ್ಯ ಹೇಗೆಂದರೆ, ಪಾತ್ರೆಯಿಂದ ಒಂದು ಬಟ್ಟಲು ತೆಗೆದು ದೇವರಿಗೆ ತೋರಿಸಿ, ಮಂಗಳಾರತಿ ಎತ್ತಿ, ಆ ಬಟ್ಟಲನ್ನು ತಿರುಗಿ ಪಾತ್ರೆಗೇ ಸುರಿಯುತ್ತೇವೆ. ಆಗ ಇಡೀ ಪಾತ್ರೆ ಪ್ರಸಾದವಾಗುತ್ತದೆ. ನಮ್ಮತ್ತೆ ಮಾಡುತ್ತಿದ್ದರು, ಅವರತ್ತೆ ಮಾಡುತ್ತಿದ್ದರು. ದೇವರ ಬಟ್ಟಲಿಗೆ ಮಾತ್ರ ಐದು ಗೇರುಬೀಜ ತುಪ್ಪದಲ್ಲಿ ಹುರಿದು ಹಾಕುವುದು ಅತ್ತೆಯ ಕಾಲದ ಪದ್ಧತಿ. ಆ ಬೀಜಗಳು ಇರುವುದು ಕರ್ಪೂರದ ಪಕ್ಕದ ಪುಟ್ಟ ಹಿತ್ತಾಳೆ ಡಬ್ಬಿಯಲ್ಲಿ. ಅಟ್ಟಕ್ಕೆ ಹೋದ ಡಬ್ಬಿಗಳ ಲೆಕ್ಕದಲ್ಲಿ ಅದು ಇರಲೇ ಇಲ್ಲ. ಹನ್ನೊಂದು ದಿನ ಪಾಯಸ ಮಾಡಿರಲಿಲ್ಲವಾದ್ದರಿಂದ ಬರಿಯ ಹಾಲು, ಬಾಳೆಹಣ್ಣಿನ ನೈವೇದ್ಯವಾಗಿತ್ತು. ಅವತ್ತು ಪಾಯಸ ಕಂಡ ಕೂಡಲೇ ಕೈ ತನ್ನಷ್ಟಕ್ಕೇ ಆ ಡಬ್ಬಿಗೆ ಹೋಯಿತು.

ಭಾರತ ಗೆಲ್ಲಲಿ ಎಂದು ಬೇಡಿಕೊಂಡೆ. ಹುಡುಗಿ ಗೋಲು ಬಿಡದಿರಲಿ ಎಂದೂ ಬೇಡಿಕೊಂಡೆ. ಎರಡೂ ಒಟ್ಟಿಗೆ ಹೇಗಾದೀತು ಎಂಬುದು ದೇವರ ತಲೆನೋವು ಎಂದುಕೊಂಡು ಗಂಟೆ ಬಾರಿಸಿ, ಬಟ್ಟಲನ್ನು ಪಾತ್ರೆಗೆ ಸುರಿದು, ಸೌಟಿನಲ್ಲಿ ಚೆನ್ನಾಗಿ ಕಲಸಿದೆ. ಹತ್ತು ಗಂಟೆಗೆ ವ್ಯಾನು ಹೊರಟಿತು.

ಹತ್ತೂ ಮುಕ್ಕಾಲಿಗೆ ದೇವರ ಪಾತ್ರೆ ತೊಳೆಯಲು ಹೋದಾಗ ಒಗ್ಗರಣೆ ಸೌಟಿನ ತಳದಲ್ಲಿ ಒಂದು ಕೆಂಪಗಿನ ಚೂರು ಅಂಟಿಕೊಂಡಿತ್ತು. ಅದನ್ನು ಬೆರಳಲ್ಲಿ ಎತ್ತಿ ಮೂಸಿದೆ. ಗೇರುಬೀಜ.

"ಐತಾಳ್ರೇ, ನಾನ್ ಬೀಜ ಹಾಕಿಬಿಟ್ಟೆ" ಎಂದೆ.

ಅವರು ಒಲೆ ಸಣ್ಣ ಮಾಡಿ ನನ್ನ ಮುಖ ನೋಡಿದರು. "ಎಷ್ಟ್?"

"ಐದು. ನೈವೇದ್ಯಕ್ಕೆ. ಪಾತ್ರೆಗೇ ಹೊಯ್ದೆ."

ಅವರು ದನಿ ತಗ್ಗಿಸಿ ಹೇಳಿದರು. "ಸುಮಿತ್ರಮ್ಮ, ಹೆದ್ರ್‌ಕಂಬುದ್ ಎಂತಕೆ? ಐದ್ ಬೀಜ. ಪಾತ್ರಿ ತುಂಬ ಪಾಯ್ಸ. ಅವ್ಳ್ ಎಲೆಗೇ ಬಪ್ಪುದ್ ಅಂತ ಎಲ್ಲಿತ್ತ್? ಈಗ ಹೇಳ್ರೆ, ಇಂಡಿಯಾ ಗೆಲ್ಲುಕೆ ಹೋಟೆಲಿನವ್ರೇ ಹಾಕಿದ್ರ್ ಅಂತ್ರ್. ಪೇಪರಲ್ ಬತ್ತ್. ಈ ಬೋರ್ಡ್ ಇಳ್ಸಿ ಊರಿಗ್ ಹೋಯ್ಕ್."

ಐತಾಳರು ಕೆಟ್ಟವರಲ್ಲ. ಬೇಕೆಂದೇ ಹಾಕಿದರು ಎಂದಾರು, ಹೋಟೆಲು ಮುಚ್ಚಿ ಊರು ಸೇರಬೇಕಾದೀತು ಎಂಬ ಅವರ ಹೆದರಿಕೆಯೇ ನನ್ನ ಹೆದರಿಕೆಯೂ ಆಗಿತ್ತು. ಕೈಯಲ್ಲಿ ಫೋನ್ ಹಿಡಿದು ಎಷ್ಟು ಹೊತ್ತು ನಿಂತೆ ಗೊತ್ತೆ? ಎರಡು ನಿಮಿಷ ಎಂದು ಎಲ್ಲರ ಹತ್ತಿರ ಹೇಳಿಕೊಂಡು ಬಂದಿದ್ದೇನೆ. ನಿಜವಾಗಿ ಐದು ನಿಮಿಷ. ಆ ಐದು ನಿಮಿಷದ ನಾಚಿಕೆ ಇವತ್ತಿಗೂ ಹೋಗಿಲ್ಲ.

ಕಲ್ಪನಾ ಮೇಡಂ ಫೋನ್ ಸ್ವಿಚ್ ಆಫ್. ಪಂದ್ಯದ ದಿನ ಊಟದ ಹೊತ್ತಿಗೆ ಎಲ್ಲರ ಫೋನೂ ಕೋಚ್ ಹಿಡಿದ ಬಟ್ಟೆಚೀಲಕ್ಕೆ ಬೀಳಬೇಕು, ಅದು ಅವರ ಶಿಸ್ತು. ವ್ಯಾನಿನ ಡ್ರೈವರಿಗೆ ಮಾಡಿದರೆ ರಿಂಗ್ ಆಯಿತು, ಎತ್ತಲಿಲ್ಲ. ಲಾಡ್ಜಿನ ನಂಬರ್ ಹುಡುಕಿ ಮಾಡಿದೆ, ಅದೂ ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಸೆರಗು ಸಿಕ್ಕಿಸಿಕೊಂಡು ಬೀದಿಗೆ ಓಡಿ ಆಟೋ ಹತ್ತಿದೆ. ಆರ್ಕಾಟ್ ರೋಡಿನಲ್ಲಿ ಮೆಟ್ರೋ ಕೆಲಸಕ್ಕೆ ಅಗೆದ ಕಡೆಯೆಲ್ಲ ಹಿಂದಿನ ರಾತ್ರಿಯ ಮಳೆನೀರು. ಹೇಗೋ ನೂರಡಿ ರಸ್ತೆ ಸೇರಿದರೆ ಅಲ್ಲೂ ಬಸ್ಸುಗಳ ಸಾಲು. ಆಟೋದವನು ಎಂಜಿನ್ ಆರಿಸಿದ.

"ಇಪ್ಪೋ ನಗರಾದುಮ್ಮಾ" ಎಂದ. ಈಗ ಇದು ಕದಲುವುದಿಲ್ಲ ಎಂದು ನನಗೂ ಕಾಣುತ್ತಿತ್ತು.

"ಒರು ಪೊಣ್ಣು ಉಯಿರು, ಅಣ್ಣಾ" ಎಂದೆ. ಒಂದು ಹುಡುಗಿಯ ಜೀವ.

ಅವನು ತಿರುಗಿ ನನ್ನ ಮುಖ ನೋಡಿದವನೇ ಆಟೋವನ್ನು ಫುಟ್‌ಪಾತಿನ ಅಂಚಿಗೆ ಹತ್ತಿಸಿ ಒಳಬೀದಿಗೆ ನುಗ್ಗಿಸಿದ. ಯಾವ ಯಾವ ಗಲ್ಲಿಯಲ್ಲಿ ಹೋದನೋ ನನಗೆ ತಿಳಿಯದು. ಬಾಯಲ್ಲಿ ಒಂದೇ ಮಾತು, ಮೊದಲು ಚಪಾತಿ ತಿನ್ನಲಿ, ಮೊದಲು ಚಪಾತಿ ತಿನ್ನಲಿ. ಮೊದಲು ಸಿಹಿ ತಿನ್ನಬೇಕು ಎಂದು ಕಲಿಸಿದವಳು ನಾನೇ ಅಲ್ಲವೆ.

ಲಾಡ್ಜಿನ ಮೆಟ್ಟಿಲು ಹತ್ತಿ ಊಟದ ಹಾಲಿಗೆ ನುಗ್ಗಿದಾಗ ಹನ್ನೊಂದೂ ಕಾಲು. ಬಾಳೆಲೆಗಳ ಮುಂದೆ ಹುಡುಗಿಯರು ಸಾಲಾಗಿ ಕುಳಿತಿದ್ದರು. ಎಲ್ಲರ ಎಲೆಯ ಮೂಲೆಯಲ್ಲೂ ಪಾಯಸ. ದಿಲ್‌ಮಾಯಾ ನನ್ನನ್ನು ಕಂಡು ನಕ್ಕಳು. ನಾನು ಕಲಿಸಿದ ಹಾಗೆ ಬೆರಳ ತುದಿ ಆಗತಾನೆ ಬಾಯಿಂದ ಹೊರಗೆ ಬರುತ್ತಿತ್ತು.

"ಉಗುಳು! ಥೂಕೋ!" ಎಂದು ಕಿರುಚಿದೆ.

ಅವಳು ಉಗುಳಿದಳು. ಬಾಯಿ ತೊಳೆದಳು. ಕಲ್ಪನಾ ಮೇಡಂ ಚೀಲದಿಂದ ಇಂಜೆಕ್ಷನ್ ತೆಗೆದು ಕೈಯಲ್ಲಿ ಹಿಡಿದು ನಿಂತರು. ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದೆವು. ಸ್ವಲ್ಪ ಹೊತ್ತಿಗೆ ಕೆಳತುಟಿ ದಪ್ಪಗಾಯಿತು, ಕತ್ತಿನ ಮೇಲೆ ಕೆಂಪು ದದ್ದು ಎದ್ದಿತು. ತಂಡದ ಡಾಕ್ಟರು ಗಂಟಲಿಗೆ ಟಾರ್ಚ್ ಬಿಟ್ಟು, ಎದೆಗೆ ಕಿವಿಕೊಳವೆ ಇಟ್ಟು ನೋಡಿದರು. ಉಸಿರು ಸರಿಯಿತ್ತು. ಒಂದು ಮಾತ್ರೆ ನುಂಗಿಸಿ ಹೇಳಿದರು, "ಇದಕ್ಕಿಂತ ಹೆಚ್ಚಾದರೆ ಇಂಜೆಕ್ಷನ್, ಆಸ್ಪತ್ರೆ, ಪಂದ್ಯ ಇಲ್ಲ. ಹೆಚ್ಚಾಗದಿದ್ದರೆ ಮೂರೂವರೆಗೆ ನೋಡಿ ಹೇಳುತ್ತೇನೆ. ಆದರೆ ಈ ಮಾತ್ರೆಗೆ ನಿದ್ದೆ ಬರುತ್ತದೆ."

ಕೋಚ್ ನನ್ನ ಮುಂದೆ ಬಂದು ನಿಂತು ಮೆಲ್ಲಗೆ ಕೇಳಿದರು. "ಹನ್ನೊಂದು ದಿನ ಇಲ್ಲದ್ದು, ಇವತ್ತೇ ಯಾಕೆ?"

ದೇವರಿಗೆ ಹಾಕಿದ್ದು, ತಿರುಗಿ ಪಾತ್ರೆಗೆ ಸುರಿದದ್ದು, ಎಲ್ಲವನ್ನೂ ನನ್ನ ಮುರುಕು ಹಿಂದಿಯಲ್ಲಿ ಒದರಿದೆ. ಅವಳಿಗಾಗಿಯೇ ಬೇಡಿಕೊಂಡೆ ಎಂದೂ ಹೇಳಿದೆ. ಕಲ್ಪನಾ ಮೇಡಂ "ಪ್ರಸಾದ್" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಅವರಿಗೆ ಅರ್ಥವಾಗಿತ್ತು. ಅರ್ಥವಾದ ಮಾತ್ರಕ್ಕೆ ತುಟಿಯ ಊತ ಇಳಿಯುವುದಿಲ್ಲವಲ್ಲ. ಕೋಚ್ ಮುಖ ತಿರುಗಿಸಿ ಕಿಟಕಿಯ ಹತ್ತಿರ ಹೋದರು. ಆಗ ದಿಲ್‌ಮಾಯಾ ಊದಿದ ತುಟಿಯಲ್ಲೇ ಹೇಳಿದಳು, "ಸರ್, ಆಂಟಿ ಓಡಿ ಬರದೆ ಮನೆಯಲ್ಲೇ ಕೂರಬಹುದಿತ್ತು."

ಅಯ್ಯೋ ಮಗಳೇ, ಐದು ನಿಮಿಷ ಕೂತಿದ್ದೆನಲ್ಲ ಎಂದು ಹೇಳಬೇಕಿತ್ತು. ಹೇಳಲಿಲ್ಲ.

ಸ್ಟೇಡಿಯಂಗೆ ಹೋಗುವ ಮನಸ್ಸಿರಲಿಲ್ಲ. ಹೋಗದೆ ಇರಲೂ ಆಗಲಿಲ್ಲ. ಶ್ರೇಯಾ ಮೊದಲೇ ಟಿಕೆಟ್ ತೆಗೆದಿಟ್ಟಿದ್ದಳು. ಎರಡೂ ಕೆನ್ನೆಗೆ ತ್ರಿವರ್ಣ ಬಳಿದುಕೊಂಡು ಬಂದವಳು ನನ್ನ ಮುಖ ನೋಡಿ ಕೇಳಿದಳು, "ಅಮ್ಮಾ, ನೀ ಎಂದ ಟೀಮ್?" ನೀನು ಯಾವ ತಂಡ ಎಂದರೆ ಏನು ಹೇಳಲಿ? ಬೆಳಗಿನದನ್ನು ಅವಳಿಗೆ ಹೇಳಿರಲಿಲ್ಲ. ಆಕಾಶ ಕಪ್ಪಗಾಗಿತ್ತು. ಸುತ್ತ ಸಾವಿರಾರು ಜನ, ತಮಟೆ, ಪೀಪಿ, ಬಾವುಟ. ನಾನು ತಂಡಗಳು ಹೊರಗೆ ಬರುವ ದಾರಿಯನ್ನೇ ನೋಡುತ್ತಿದ್ದೆ. ಒಂದನೇ ನಂಬರಿನ ಅಂಗಿ ತೊಟ್ಟು ಯಾರು ಬರುತ್ತಾರೆ?

ಅವಳೇ ಬಂದಳು. ಅಷ್ಟು ದೂರದಿಂದಲೂ ಆ ಎತ್ತರ ಗೊತ್ತಾಯಿತು. ಬದುಕಿದೆ ಎಂದುಕೊಂಡೆ. ರಾಷ್ಟ್ರಗೀತೆಗೆ ಸಾಲಾಗಿ ನಿಂತಾಗ ದೊಡ್ಡ ಪರದೆಯ ಮೇಲೆ ಒಬ್ಬೊಬ್ಬರ ಮುಖ ತೋರಿಸಿದರು. ಅವಳ ಮುಖ ಬಂದಾಗ ಅವಳು ಆಕಳಿಸುತ್ತಿದ್ದಳು. ಸುತ್ತಲಿನವರು ನಕ್ಕರು. "ಪಾರು, ತೂಂಗಿ ವಳಿಯುದು" ಎಂದು, ತೂಕಡಿಸುತ್ತಿದ್ದಾಳೆ ನೋಡು ಎಂದು ಹಿಂದಿನ ಸಾಲಿನವನು ಗೇಲಿ ಮಾಡಿದ. ನಾನು ಬಾಯಿಗೆ ಸೆರಗು ಅಡ್ಡ ಹಿಡಿದೆ.

ಫುಟ್‌ಬಾಲ್ ನನಗೆ ಅಷ್ಟೇನೂ ತಿಳಿಯದು. ಚೆಂಡು ಅವಳ ಕಡೆ ಹೋಗುವುದು, ಅವಳ ಕಡೆಯಿಂದ ದೂರ ಹೋಗುವುದು, ನನಗೆ ಕಂಡದ್ದು ಇಷ್ಟೇ. ಹತ್ತಿರ ಹೋದಾಗಲೆಲ್ಲ ಇಡೀ ಸ್ಟೇಡಿಯಂ ಎದ್ದು ನಿಲ್ಲುತ್ತಿತ್ತು, ನಾನೊಬ್ಬಳು ಕುಳಿತಲ್ಲೇ ಕುಗ್ಗುತ್ತಿದ್ದೆ. ನಮ್ಮ ಹುಡುಗಿಯರು ಚೆನ್ನಾಗಿ ಆಡುತ್ತಿದ್ದರು. ಅದೇ ನನ್ನ ಸಂಕಟ. ಒಂದು ಚೆಂಡನ್ನು ಅವಳು ಮೇಲಕ್ಕೆ ಹಾರಿ ಮುಷ್ಟಿಯಲ್ಲಿ ಗುದ್ದಿದಳು. ಇನ್ನೊಂದನ್ನು ಕಾಲಿಂದ ತಡೆದಳು. ಮತ್ತೊಂದಕ್ಕೆ ಎದುರು ಬಂದ ಹುಡುಗಿಯ ಪಾದದ ಮೇಲೆಯೇ ಬಿದ್ದು ಅಪ್ಪಿಕೊಂಡಳು. ಚೆಂಡು ಆ ಕಡೆ ಇದ್ದಾಗ ಮಾತ್ರ ಗೋಲಿನ ಕಂಬಕ್ಕೆ ಒರಗಿ, ಎರಡೂ ಕೆನ್ನೆಗೆ ಪಟಪಟ ಹೊಡೆದುಕೊಳ್ಳುತ್ತಿದ್ದಳು. ಅದು ಉತ್ಸಾಹ ಎಂದು ಶ್ರೇಯಾ ತಿಳಿದಳು. ನಿದ್ದೆ ಓಡಿಸುವುದು ಎಂದು ನನಗೊಬ್ಬಳಿಗೇ ಗೊತ್ತಿತ್ತು. ಮಧ್ಯಂತರದಲ್ಲಿ ಅವಳು ಬಾಟಲಿ ನೀರನ್ನು ಕುಡಿಯದೆ ತಲೆಯ ಮೇಲೆ ಸುರಿದುಕೊಂಡಳು.

ಎರಡನೆಯ ಅರ್ಧದಲ್ಲಿ ಮಳೆ ಬಂತು. ಬಂದರೆ ಸುರಿದೇ ಬಿಡುವ ಚೆನ್ನೈ ಮಳೆ. ಒಬ್ಬರೂ ಏಳಲಿಲ್ಲ. ಮುಗಿಯಲು ಎಂಟು ನಿಮಿಷ ಇದೆ ಎನ್ನುವಾಗ ನಮ್ಮ ತಂಡದ ಒಬ್ಬ ಗಿಡ್ಡ ಹುಡುಗಿ ದೂರದಿಂದಲೇ ಒದ್ದಳು. ಚೆಂಡು ನೆಲಕ್ಕೆ ತಾಗಿಕೊಂಡೇ ನೀರು ಸೀಳುತ್ತ ಹೋಯಿತು. ದಿಲ್‌ಮಾಯಾ ಬಲಕ್ಕೆ ಹಾರಿದಳು. ಆ ಮೊರದಗಲದ ಕೈ ಪೂರ್ತಿ ಚಾಚಿತ್ತು. ಚೆಂಡು ಬೆರಳ ತುದಿ ದಾಟಿ ಕಂಬದ ಒಳಬದಿಗೆ ಬಡಿದು ಬಲೆ ಸೇರಿತು.

ಅಂಥ ಗದ್ದಲವನ್ನು ನನ್ನ ಜನ್ಮದಲ್ಲಿ ಕೇಳಿರಲಿಲ್ಲ. ಶ್ರೇಯಾ ನನ್ನ ಕೊರಳಿಗೆ ಬಿದ್ದು, ಒದ್ದೆ ಕೆನ್ನೆಯ ಬಣ್ಣವನ್ನೆಲ್ಲ ನನ್ನ ಸೀರೆಗೆ ಒರೆಸಿ ಕುಣಿದಳು. ನಾನು ಅಳುತ್ತಿದ್ದೆ. ಸಂತೋಷಕ್ಕೆ ಅಳುತ್ತಿದ್ದೇನೆಂದು ಪಕ್ಕದ ಹೆಂಗಸು ಕೈ ಕುಲುಕಿದಳು. ಒಂದು ಗೋಲಿನಲ್ಲೇ ಪಂದ್ಯ ಮುಗಿಯಿತು.

ಬಸ್ಸು ನಿಲ್ಲುವ ಗೇಟಿನ ಹತ್ತಿರ ನೆನೆಯುತ್ತ ಕಾದೆ. ಶ್ರೇಯಾಗೆ ಎಲ್ಲವನ್ನೂ ಹೇಳಿದ್ದು ಅಲ್ಲಿಯೇ. ಅವಳು ಕೆನ್ನೆಯಲ್ಲಿ ಉಳಿದ ಬಣ್ಣವನ್ನು ಅಂಗೈಯಿಂದ ಒರೆಸಿಕೊಂಡಳು. ದಿಲ್‌ಮಾಯಾ ಎಲ್ಲರಿಗಿಂತ ಕೊನೆಗೆ ಬಂದಳು, ಕೊರಳಲ್ಲಿ ಬೆಳ್ಳಿ ಪದಕ. ನಾನು ಕೇಳಬಾರದಿತ್ತು, ಕೇಳಿದೆ.

"ಕೈ ತಡವಾಯಿತಾ, ಮಗಳೇ?"

ಅವಳು ತಲೆ ಅಲ್ಲಾಡಿಸಿದಳು. ನನ್ನ ಎರಡೂ ಕೈ ಹಿಡಿದುಕೊಂಡು, "ಒಳ್ಳೆಯ ಬಾಲ್ ಆಂಟಿ. ಪೂರ್ತಿ ಎಚ್ಚರ ಇದ್ದಿದ್ದರೂ ಹೋಗುತ್ತಿತ್ತು" ಎಂದು ಬಸ್ಸು ಹತ್ತಿದಳು.

ಆ ಮಾತಿನಿಂದ ಸಮಾಧಾನವಾಗಿ ಮನೆಗೆ ಬಂದೆ. ಸೀರೆ ಬದಲಿಸುವಾಗ ಇನ್ನೊಮ್ಮೆ ನೆನಪಿಸಿಕೊಂಡೆ. ಪೂರ್ತಿ ಎಚ್ಚರ ಇದ್ದಿದ್ದರೂ. ಅಂದರೆ ಇರಲಿಲ್ಲ. ನನ್ನನ್ನು ಸಮಾಧಾನ ಮಾಡಲು ಹೋಗಿ ತನಗೇ ಗೊತ್ತಿಲ್ಲದೆ ನಿಜ ಹೇಳಿಬಿಟ್ಟಿದ್ದಳು. ಆ ಗೋಲನ್ನು ಶ್ರೇಯಾಳ ಫೋನಿನಲ್ಲಿ ನಾನು ಎಷ್ಟು ಸಲ ನೋಡಿದೆನೋ. ಒಂದು ಸಲ ಕೈ ತಡವಾದಂತೆ ಕಾಣುತ್ತದೆ, ಇನ್ನೊಂದು ಸಲ ಇಲ್ಲ. ಕೊನೆಗೆ ಶ್ರೇಯಾ ಅದನ್ನು ಅಳಿಸಿ ಹಾಕಿ, ಅಪರೂಪಕ್ಕೆ ಕನ್ನಡದಲ್ಲಿ "ಸಾಕಮ್ಮ" ಎಂದಳು.

ನೇಪಾಳದ ತಂಡ ಹೊರಟದ್ದು ಪಂದ್ಯದ ಮಾರನೆಯ ಬೆಳಿಗ್ಗೆ. ಐತಾಳರು ನನಗಿಂತ ಮುಂಚೆ ಬಂದು ಒಲೆ ಹಚ್ಚಿದ್ದರು. ಅದೇ ಹೆಸರುಬೇಳೆ ಪಾಯಸ, ಸಣ್ಣ ಪಾತ್ರೆಯಲ್ಲಿ. ದೇವರ ಗೂಡಿನ ಹಿತ್ತಾಳೆ ಡಬ್ಬಿಯನ್ನು ಅವರೇ ಖಾಲಿ ಮಾಡಿ, ತೊಳೆದು ಬೋರಲು ಹಾಕಿದ್ದರು. ಅವತ್ತು ದೇವರೂ ಬೋಳು ಪಾಯಸ ತಿಂದ. ಪಾತ್ರೆ ಹಿಡಿದು ಲಾಡ್ಜಿಗೆ ಹೋದಾಗ ಹುಡುಗಿಯರು ಸಾಮಾನು ಬಸ್ಸಿಗೆ ಏರಿಸುತ್ತಿದ್ದರು. ಕೊಡಲು ಧೈರ್ಯ ಬರಲಿಲ್ಲ. ಬಂದದ್ದೇ ತಪ್ಪಾಯಿತೇನೋ ಎಂದು ನಿಂತಿದ್ದೆ.

ದಿಲ್‌ಮಾಯಾ ಬಂದು ಮುಚ್ಚಳ ತೆಗೆದು ನೋಡಿದಳು. "ದಿಲ್‌ಮಾಯಾ, ಬೇಡ" ಎಂದು ಹಿಂದಿನಿಂದ ಕಲ್ಪನಾ ಮೇಡಂ ಕೂಗಿದರು. ಅವಳು ಪಾಯಸ ನೋಡುವುದನ್ನು ಬಿಟ್ಟು ನನ್ನ ಮುಖವನ್ನು ನೋಡಿದಳು, ಅವಳಮ್ಮ ಹೇಳಿಕೊಟ್ಟ ಹಾಗೆ. ಆಮೇಲೆ ಬಟ್ಟಲಿಗೆ ಸುರಿದುಕೊಂಡು, ಬೆರಳ ತುದಿಯಲ್ಲಿ ನಾಲಿಗೆಗೆ ಮುಟ್ಟಿಸಿ, ನಿಂತಲ್ಲೇ ಪೂರ್ತಿ ತಿಂದಳು. ತುಟಿಯ ಊತ ಇನ್ನೂ ಸ್ವಲ್ಪ ಇತ್ತು.

ಐತಾಳರು ಈಗ ಕೆಲಸ ಬಿಟ್ಟು ಮಾಧವರಂನಲ್ಲಿ ಮಗನ ಮನೆಯಲ್ಲಿದ್ದಾರೆ. ಅವರ ಜಾಗಕ್ಕೆ ಬಂದವರೇ ಮೊನ್ನೆ ಸೌಟು ಬೀಳಿಸಿಕೊಂಡವರು. ನೆಲ ಒರೆಸಿ ಆದ ಮೇಲೆ ಅವರು ಸ್ವಲ್ಪ ಅಸಮಾಧಾನದಲ್ಲೇ ಕೇಳಿದರು. "ಅಲ್ಲ ಅಮ್ಮ, ದೇವ್ರಿಗೆ ಗೇರುಬೀಜ ಇಲ್ದೆ ಪಾಯ್ಸ ಇಡುದ್ ಎಲ್ಲಾರೂ ಇತ್ತಾ?"

"ನಮ್ ದೇವ್ರಿಗೆ ಅದ್ ಆಪುದಿಲ್ಲ" ಎಂದೆ. "ತುಟಿ ದಪ್ಪ ಆತ್ತ್."

ಅವರು ನನ್ನನ್ನೊಮ್ಮೆ, ಗೂಡಿನೊಳಗಿನ ಪಟವನ್ನೊಮ್ಮೆ ನೋಡಿ, ಬಟ್ಟಲಿನ ಬೋಳು ಪಾಯಸವನ್ನು ದೇವರ ಮುಂದೆ ಇಟ್ಟರು.